ಉಪ್ಪಿನ ಜೇಬಿನ ಚಾಚಾ

ಆತ ಸತ್ತ ಸುದ್ದಿ ಬಂದಾಗ ನಾನು ಆಡಿನ ಹಾಲು ಹಿಂಡುತ್ತಿದ್ದೆ. ಹಿಂಡುವುದು ಮುಗಿಸಿಯೇ ಎದ್ದೆ. ಅರ್ಧ ಹಿಂಡಿದ ಕೆಚ್ಚಲನ್ನು ಬಿಟ್ಟು ಅಳುತ್ತ ಕೂತಿದ್ದರೆ ಆತ ಗೋರಿಯಿಂದ ಎದ್ದು ಬಂದು ಬೈಯುತ್ತಿದ್ದ. ಸುದ್ದಿ ತಂದವನು ಆತನ ಮಗ. ಸುದ್ದಿ ಹೇಳಿದ ಮೇಲೆ ಅವನು ಇನ್ನೊಂದು ಮಾತೂ ಆಡಿದ. ಅದು ಈಗ ಬೇಡ, ಅದರ ಜಾಗ ಬಂದಾಗ ಹೇಳುತ್ತೇನೆ.

ಆತನ ಹೆಸರು ಇಲ್ಲಿ ಬರೆಯುವುದಿಲ್ಲ. ಮೊಮ್ಮಕ್ಕಳು ಬೀದರಿನಲ್ಲಿ ಇದ್ದಾರೆ. ಅವರ ಅಜ್ಜನನ್ನು ಹೊಗಳಿದರೂ ತಂಟೆ, ತೆಗಳಿದರೂ ತಂಟೆ. ನಾನು ಎರಡನ್ನೂ ಮಾಡುವವಳಿದ್ದೇನೆ. ನಾವು ಮಕ್ಕಳು ಚಾಚಾ ಅನ್ನುತ್ತಿದ್ದೆವು. ಅವ್ವ ಸಾಬ್ರ ಅನ್ನುತ್ತಿದ್ದಳು, ಸಿಟ್ಟು ಬಂದಾಗ ಇನ್ನೇನೋ ಅನ್ನುತ್ತಿದ್ದಳು. ಹಳ್ಳಿ ಹಳ್ಳಿ ತಿರುಗಿ ಆಡು-ಮರಿ ಕೊಳ್ಳುವುದು, ಅವನ್ನು ನಡೆಸಿಕೊಂಡು ಹೋಗಿ ಬೀದರಿನಲ್ಲಿ ಕಸಾಯಿಗಳಿಗೆ ಮಾರುವುದು ಆತನ ಕಸುಬು. ನಮ್ಮದು ಔರಾದ ತಾಲೂಕಿನಲ್ಲಿ ಚಿಂತಾಕಿಯ ಹತ್ತಿರದ ಹಳ್ಳಿ. ನಿಜಾಮನ ಕಾಲ. ನಾನಿನ್ನೂ ಲಂಗ ಉಡುವ ಹುಡುಗಿ.

ನೋಡಲು ಬಡಕಲು ಮನುಷ್ಯ. ಮದರಂಗಿ ಹಚ್ಚಿದ ಗಡ್ಡ, ಕಣಕಾಲಿನ ಮೇಲೆಯೇ ನಿಲ್ಲುವ ಪಾಯಜಾಮ, ಮೇಲೊಂದು ಕಪ್ಪು ವಾಸ್ಕೋಟು. ಆ ವಾಸ್ಕೋಟಿಗೆ ಎರಡು ಜೇಬು. ಎಡಗಡೆಯದರಲ್ಲಿ ಎಲೆ-ಅಡಿಕೆ, ಬಲಗಡೆಯದರಲ್ಲಿ ಹರಳುಪ್ಪು. ಎಲೆ-ಅಡಿಕೆ ಆತನಿಗೆ, ಉಪ್ಪು ಆಡುಗಳಿಗೆ. ಒಮ್ಮೊಮ್ಮೆ ಮಾತಿನ ಭರದಲ್ಲಿ ಕೈ ತಪ್ಪಿ ಉಪ್ಪಿನ ಹರಳನ್ನು ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮುಖ ಕಿವುಚಿದರೂ ಉಗುಳುತ್ತಿರಲಿಲ್ಲ, ನುಂಗಿಬಿಡುತ್ತಿದ್ದ. ಉಗುಳಿದರೆ ನಾವು ನಗುತ್ತೇವೆ ಅಂತ ಆತನ ಲೆಕ್ಕ. ನಾವು ಹೇಗೂ ನಗುತ್ತಿದ್ದೆವು.

ಊರಿಗೆ ಬಂದರೆ ಮೊದಲು ದೊಡ್ಡಿ, ಆಮೇಲೆ ಮನುಷ್ಯರು. ಆತನ ದನಿ ಕೇಳಿದರೆ ಸಾಕು, ಆಡುಗಳು ಬೇಲಿಗೆ ಮುಗಿಬೀಳುತ್ತಿದ್ದವು. “ಏನ್ ಬುದ್ಧಿಗೇಡಿ ಪ್ರಾಣಿರೀ ಇವು,” ಎಂದು ಅವ್ವ ಅನ್ನುತ್ತಿದ್ದಳು. “ಕಸಾಯಿ ಮನಿಗಿ ಒಯ್ಯಾಂವನ ಕಂಡ್ರೇ ಇಷ್ಟು ಪ್ರೀತಿ.”

“ಲಗ್ನದ ಹುಡುಗ್ಯಾರೂ ಹಂಗೇ ಇರ್ತಾರಲ್ಲಕ್ಕಾ,” ಅನ್ನುತ್ತಿದ್ದ ಚಾಚಾ.

ಮರಿಯ ಬೆನ್ನಿನ ಮೇಲೆ, ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಕಡೆ, ಹೆಬ್ಬೆರಳು ಒಂದು ಬದಿಗೆ, ಉಳಿದ ಬೆರಳು ಇನ್ನೊಂದು ಬದಿಗೆ ಇಟ್ಟು ಒತ್ತುತ್ತಿದ್ದ. ಅಷ್ಟರಲ್ಲೇ ಮೈಯಲ್ಲಿ ಮಾಂಸ ಎಷ್ಟಿದೆ ಅಂತ ತಿಳಿಯುತ್ತಿತ್ತು. ಅದೇ ಕೈಯನ್ನು ನಮ್ಮ ಬೆನ್ನಿಗೂ ಇಡುತ್ತಿದ್ದ. “ಅಕ್ಕಾ, ಈ ಹುಡುಗಿಗಿ ಏನ್ ತಿನ್ನಸ್ತೀರಿ? ಬರೇ ಎಲುಬು. ಬೀದರಕ್ಕ ಒಯ್ದ್ರ ಯಾರೂ ಕೇಳಂಗಿಲ್ಲ.” ಅವ್ವ ಒಲೆಯ ಮುಂದಿನಿಂದಲೇ, “ಒಯ್ರಿ, ಪುಕಟ ಕೊಡ್ತೀನಿ,” ಅನ್ನುತ್ತಿದ್ದಳು. ನಾನು ಬಹಳ ದಿನ ಅದನ್ನು ನಿಜವೆಂದೇ ತಿಳಿದು, ಚಾಚಾ ಬಂದಾಗ ಕಣಜದ ಹಿಂದೆ ಅಡಗುತ್ತಿದ್ದೆ.

ಆತನ ಕಸುಬಿನಲ್ಲಿ ಒಂದು ಕಟ್ಟಳೆ ಇತ್ತು. ಕೊಯ್ಯಲು ಕೊಡುವ ಪ್ರಾಣಿಗೆ ಹೆಸರಿಡಬಾರದು. ಹಾಲಿನ ಆಡುಗಳನ್ನು ಬೇಗಂ, ಬೀಬಿ ಅಂತ ಕರೆದು ಮಾತಾಡಿಸುತ್ತಿದ್ದ. ಗಂಡುಮರಿಗಳನ್ನು ಮಾತ್ರ “ಇದು”, “ಅದು” ಎನ್ನುತ್ತಿದ್ದ. ಹೆಸರಿಟ್ಟರೆ ಕೈ ನಡುಗುತ್ತದೆ ಅನ್ನುತ್ತಿದ್ದ.

ಆತನಿಗೂ ಅವ್ವನಿಗೂ ವರ್ಷಕ್ಕೊಮ್ಮೆ ತಪ್ಪದ ಜಗಳ ಒಂದಿತ್ತು. ಅದು ನಮ್ಮ ಊರ ಪದ್ಧತಿಯ ಮೇಲೆ. ಆ ವರ್ಷ ಹುಟ್ಟಿದ ಗಂಡುಮರಿಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದದ್ದು ದೇವಿಗೆ ಮೀಸಲು. ಅದರ ನಂತರದವನ್ನು ಚಾಚಾ ಬಕ್ರೀದಿಗೋ ಸಂತೆಗೋ ಕೊಂಡೊಯ್ಯುತ್ತಿದ್ದ. ಯಾರಿಗೂ ಬೇಡವಾದ ಡೊಳ್ಳುಹೊಟ್ಟೆಯ ಸಣಕಲು ಒಂದು ದೊಡ್ಡಿಯಲ್ಲಿ ಉಳಿಯುತ್ತಿತ್ತು. ಅದೇ ಹೋತವಾಗಿ ಬೆಳೆದು, ಅದೇ ಎಲ್ಲ ಆಡುಗಳಿಗೂ ಗಂಡ.

“ನೀವೇ ನೋಡ್ರಿ ಅಕ್ಕಾ. ಚಲೋದು ದೇವೀಗಿ. ಅದರ ಕೆಳಗಿಂದು ನನಗ. ದೇವಿ ಬ್ಯಾಡ ಅಂದಿದ್ದು, ನಾ ಬ್ಯಾಡ ಅಂದಿದ್ದು, ಆ ಮೂಗು ಸೋರೋ ಹೇಡಿ. ಅವನಿಗಿ ದೊಡ್ಡಿ ತುಂಬ ಹೆಣ್ಣು ಕೊಟ್ಟು ಅಳಿಯನ್ನ ಮಾಡ್ಕೋತೀರಿ. ಆಮ್ಯಾಗ ಈ ವರ್ಷ ಮರಿ ಯಾಕ ಸಣ್ಣ ಆಗ್ಯಾವ ಅಂತ ನನಗೇ ಕೇಳ್ತೀರಿ.”

“ದೊಡ್ಡವು ನೀವೇ ಒಯ್ತೀರಲ್ಲ? ಬಿಟ್ಟು ಹೋಗ್ರಿ ಮತ್ತ.”

“ನಾ ಬಿಟ್ರ ಇನ್ನೊಬ್ಬಾಂವ ಒಯ್ತಾನ. ನಾ ಏನು ಹೊಟ್ಟಿಗಿ ಕಲ್ಲು ಕಟ್ಕೊಳ್ಳಲಾ?”

ಸುಳ್ಳು ಹೇಳುವುದಿಲ್ಲ, ಆತ ಸಂತನಲ್ಲ. ಮರಿ ವರ್ಷ ವರ್ಷ ಸಣ್ಣದಾದರೆ ಆತನ ವ್ಯಾಪಾರವೂ ಸಣ್ಣದಾಗುತ್ತಿತ್ತು, ಅದಕ್ಕೇ ಆತನಿಗೆ ಅಷ್ಟು ಉರಿ. ಕೊನೆಗೆ ಒಂದು ವರ್ಷ ತಾನೇ ಉಸ್ಮಾನಾಬಾದ ಕಡೆಯಿಂದ ಒಂದು ಹೋತ ಹಿಡಿದುಕೊಂಡು ಬಂದ. ಎತ್ತರ ನನ್ನ ಎದೆಯ ತನಕ. ಊರೆಲ್ಲ ನೋಡಲು ಬಂತು. ಅದಕ್ಕೆ ನವಾಬ ಎಂದು ಹೆಸರಿಟ್ಟರು, ಹೆಸರಿಟ್ಟವನು ಚಾಚಾ ಅಲ್ಲ, ಅಪ್ಪ. ನವಾಬನ ಮಕ್ಕಳು ಸರ್ರಂತ ಬೆಳೆದವು. ಗಂಡುಮರಿ ಹಿಡಿದುಕೊಂಡು ಬೀದರಿಗೆ ಹೋಗುವಾಗ ಚಾಚಾನ ನಡಿಗೆ ನೋಡಬೇಕಿತ್ತು, ತಾನೇ ಹೆತ್ತ ಹಾಗೆ.

ಹೆಣ್ಣುಮರಿಗಳು ದೊಡ್ಡವಾಗಿ ಈದಾಗ ಅವ್ವ ಚರಿಗೆ ಹಿಡಿದು ಕೂತಳು. ಎದ್ದಾಗ ಚರಿಗೆಯ ತಳ ಕಾಣುತ್ತಿತ್ತು.

“ಸಾಬ್ರ, ಬರ್ರಿ ಇಲ್ಲಿ. ನಿಮ್ಮ ನವಾಬನ ಮಗಳು. ಮೈ ನೋಡಿದ್ರ ಎಮ್ಮಿಕರ, ಹಾಲು ನೋಡಿದ್ರ ಬೆಕ್ಕಿಗೂ ಸಾಲಂಗಿಲ್ಲ. ಅದೂ ಒಂದೇ ಮರಿ. ನಮ್ಮವು ಸಣ್ಣವಿದ್ರೂ ಎರಡೆರಡು ಈತಿದ್ವು.”

“ಒಂದೇ ಆದ್ರೂ ದೊಡ್ಡದಲ್ಲಕ್ಕಾ.”

“ಹೌದು, ದೊಡ್ಡದು. ಹಸದು ಹಸದು ಒದರೋದೂ ದೊಡ್ಡದೇ ಅದ, ಊರಿಗೆಲ್ಲಾ ಕೇಳ್ಸತದ.”

ಆ ದಿನ ಚಾಚಾ ಜೇಬಿಗೆ ಕೈ ಹಾಕದೆಯೇ ಉಪ್ಪು ತಿಂದವನ ಮುಖ ಮಾಡಿದ. ನವಾಬನನ್ನು ಮರಳಿ ಹಿಡಿದುಕೊಂಡು ಹೋದ. ಆ ಸಲದ ನಡಿಗೆ ಬೇರೆ.

ಈಗ ಯೋಚಿಸಿದರೆ ಇಬ್ಬರದೂ ಒಂದೇ ರೋಗ. ಚಾಚಾನಿಗೆ ಆಡು ಅಂದರೆ ಬೆನ್ನು. ಅವ್ವನಿಗೆ ಆಡು ಅಂದರೆ ಕೆಚ್ಚಲು. ಒಂದೇ ಪ್ರಾಣಿಯ ಮೇಲಿನ ಅರ್ಧ ಒಬ್ಬರಿಗೆ ಕಾಣುತ್ತಿತ್ತು, ಕೆಳಗಿನ ಅರ್ಧ ಇನ್ನೊಬ್ಬರಿಗೆ. ಜಗಳಾಡಿ ಜಗಳಾಡಿಯೇ ಇಬ್ಬರೂ ಇಡೀ ಆಡನ್ನು ನೋಡಲು ಕಲಿತರು ಅಂತ ನನಗನ್ನಿಸುತ್ತದೆ. ಇಬ್ಬರೂ ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ, ಆ ಮಾತು ಬೇರೆ.

ನಮ್ಮಲ್ಲಿ ಮೋಟಿ ಎನ್ನುವ ಆಡು ಇತ್ತು. ಕಿವಿ ಮೋಟು, ಮೈ ಮೋಟು, ಬೆನ್ನ ಮೇಲೆ ಕೈಯಿಟ್ಟರೆ ಚಾಚಾನ ಬೆರಳಿಗೆ ಏನೂ ಸಿಗುತ್ತಿರಲಿಲ್ಲ. “ಇದು ಆಡೋ, ಬೇಲಿಗೂಟೋ,” ಅನ್ನುತ್ತಿದ್ದ. ಆದರೆ ತಪ್ಪದೆ ಅವಳಿ ಈಯುತ್ತಿತ್ತು, ಎರಡೂ ಮರಿಗೆ ಹೊಟ್ಟೆ ತುಂಬ ಕುಡಿಸಿ, ನಮ್ಮ ಚಹಕ್ಕೂ ಉಳಿಸುತ್ತಿತ್ತು. ತಿಂದದ್ದನ್ನೆಲ್ಲ ಕೆಚ್ಚಲಿಗೆ ಇಳಿಸುವ ಜಾತಿ. ರಜಾಕಾರರ ಹಾವಳಿ ಶುರುವಾದ ಚಳಿಗಾಲದಲ್ಲಿ ಅದು ಈದ ಅವಳಿಯಲ್ಲಿ ಒಂದು ಗಂಡುಮರಿ ಇತ್ತು. ಹಾಲು ಕುಡಿಯುವಾಗಲೇ ಉಳಿದೆಲ್ಲ ಮರಿಗಳನ್ನು ಮೀರಿಸಿ ನಿಂತಿತು. ಚಾಚಾ ನೋಡಿ ಕುಣಿದಾಡಿದ.

ಅವ್ವ ನೀರೆರಚಿದಳು. “ಅದು ಅವನ ಗುಣ ಅಲ್ರಿ ಸಾಬ್ರ. ಅವನ ಅವ್ವನ ಹಾಲು. ನಿಮ್ಮ ನವಾಬನ ಮಗಳ ಮರಿ ಇಕಿನ ಕೆಳಗ ಬಿಟ್ಟಿದ್ರ ಅದೂ ಹಿಂಗೇ ಆಗ್ತಿತ್ತು. ಹಾಲು ಬಿಡ್ಲಿ, ಆಮ್ಯಾಗ ಕುಣೀರಿ.”

ಚಾಚಾ ವಾದ ಮಾಡಲಿಲ್ಲ, ಅದೇ ಆಶ್ಚರ್ಯ. ಬೇಸಿಗೆಯಲ್ಲಿ ಮರಿಗಳೆಲ್ಲ ಹಾಲು ಬಿಟ್ಟು ಜಾಲಿಕಾಯಿ ತಿನ್ನಲು ಹತ್ತಿದವು. ಉಳಿದವು ಸೊರಗಿದವು. ಮೋಟಿಯ ಮಗ ಸೊರಗಲಿಲ್ಲ. ಒಣ ಎಲೆ ತಿಂದೇ ಮೈ ಹಿಡಿಯಿತು. ಚಾಚಾ ಅದರ ಬೆನ್ನು ಒತ್ತಿ ನೋಡಿದ, ಬಗ್ಗಿ ಮೋಟಿಯ ಕೆಚ್ಚಲನ್ನೂ ನೋಡಿದ. ಆತ ಕೆಚ್ಚಲು ನೋಡಿದ್ದು ನಾನು ಕಂಡದ್ದು ಅದೇ ಮೊದಲು. ಅಲ್ಲಿಂದ ಆತನ ಬಾಯಲ್ಲಿ ಎರಡು ಮಾತು ನಿಂತವು. “ಹಾಲು ಬಿಡೋತನಾ ಅವ್ವನ ಗಳಿಕಿ, ಆಮ್ಯಾಗ ತನ್ನ ದುಡಿಮಿ” ಎನ್ನುವುದು ಒಂದು. “ಹೋತ ನೋಡಬ್ಯಾಡ, ಹೋತದ ಅವ್ವನ್ನ ನೋಡು” ಎನ್ನುವುದು ಇನ್ನೊಂದು. ಎರಡೂ ಮೂಲದಲ್ಲಿ ನಮ್ಮವ್ವನ ಮಾತು. ಆತ ಭಾಲ್ಕಿಯಿಂದ ಕಮಠಾಣದ ತನಕ ತನ್ನದೇ ಎಂಬಂತೆ ಹೇಳಿಕೊಂಡು ತಿರುಗಿದ.

ಅವ್ವನಿಗೆ ಕಿವಿಯಲ್ಲಿ ಹೇಳುವವನಂತೆ ಹೇಳಿದ: “ಅಕ್ಕಾ, ಇದನ್ನ ಯಾರಿಗೂ ಕೊಡಬ್ಯಾಡ್ರಿ. ನನಗೂ ಕೊಡಬ್ಯಾಡ್ರಿ. ಮಳಿ ಬಂದು ಹಸಿರು ತಿಂದ ಮ್ಯಾಲ ಆಡು ಬೆದಿಗಿ ಬರ್ತಾವಲ್ಲ, ನವಾಬನ ಮಕ್ಕಳಿಗಿ ಇವನ್ನೇ ಬಿಡ್ರಿ. ಅವರದು ಬೆನ್ನು, ಇವನ ಅವ್ವನದು ಕೆಚ್ಚಲು.” ಆಮೇಲೆ ಮರಿಯ ಕಡೆ ತಿರುಗಿ, ಉಪ್ಪು ನೆಕ್ಕಿಸುತ್ತ, “ಏ ಬೇಟಾ,” ಅಂದ. ಅವ್ವ ನನ್ನ ಮುಖ ನೋಡಿದಳು. ಹೆಸರಿಟ್ಟಾಯಿತು.

ಅದೇ ಬೇಸಿಗೆಯಲ್ಲಿ ಊರಿನ ಗಂಡಸರು ಒಬ್ಬೊಬ್ಬರಾಗಿ ಸರಹದ್ದಿನ ಆಚೆ, ಸೋಲಾಪುರದ ಕಡೆ ಹೋದರು. ಅಪ್ಪನೂ ಹೋದ. ಉಳಿದರೆ ರಜಾಕಾರರ ಕೈಗೆ ಸಿಗುವ ಹೆದರಿಕೆ, ಹೋದರೆ ಹಾದಿಯ ಹೆದರಿಕೆ. ಅಪ್ಪ ಹೋದ ಮೇಲೆ ಬಹಳ ದಿನ ಸುದ್ದಿಯಿಲ್ಲ. ಅವ್ವ ಅಳುವವಳಲ್ಲ. ಒಂದು ದಿನ ತಲೆಯ ಮೇಲೆ ನೀರು ಹಾಕಿಕೊಂಡು, ಹಸಿ ಅರಿಷಿಣದ ದಾರ ಮಾಡಿ, ಸೀದಾ ದೊಡ್ಡಿಗೆ ಹೋಗಿ ಮೋಟಿಯ ಮಗನ ಕೊರಳಿಗೆ ಕಟ್ಟಿದಳು.

ಚಾಚಾ ಬಂದವನು ದಾರ ನೋಡಿ ಅಲ್ಲೇ ನಿಂತ.

“ಇದೇನಕ್ಕಾ?”

“ಹರಕಿ. ಮನಿಯವರು ಜೀವಂತ ಬಂದ್ರ ಇದು ದೇವೀಗಿ.”

ಚಾಚಾ ಹಿಕ್ಕೆಯ ಮೇಲೇ ಕೂತುಬಿಟ್ಟ. “ಬ್ಯಾರೆ ಒಂದೂ ಇರ್ಲಿಲ್ಲೇನು?”

“ಗಂಡನ ಜೀವ ಕೇಳೋ ಮುಂದ ಮೂಗು ಸೋರೋದು ಕೊಡ್ಲಾ?”

ಚಾಚಾ ಗಡ್ಡ ಕೆರೆದುಕೊಂಡು ಅಂದ: “ಅಕ್ಕಾ, ಭಾವ ಖೈರಿಯತ್ತಿಲೆ ಬರ್ಲಿ ಅಂತ ನಾನೂ ದಿನಾ ದುವಾ ಮಾಡ್ತೀನಿ. ಆದ್ರ ಜರಾ ತಡಾ ಮಾಡಿ ಬರ್ಲಿ ಅಂತನೂ ಕೂಡಸ್ತೀನಿ. ಮಳಿಗಾಲ ಒಂದು ಮುಗೀಲಿ.”

ಅವ್ವ ಕಸಬರಿಗೆ ತಗೊಂಡಳು. ಚಾಚಾ ಬೇಲಿ ಹಾರಿ ಓಡಿದ. ಗಂಡ ಇದ್ದಾನೋ ಸತ್ತಿದ್ದಾನೋ ತಿಳಿಯದ ಆ ದಿನಗಳಲ್ಲಿ ಅವ್ವ ನಕ್ಕದ್ದು ಅದೊಂದೇ ಸಲ. ಓಡುವವನ ಕಣ್ಣಿಗೆ ಬೀಳದ ಹಾಗೆ ಸೆರಗು ಬಾಯಿಗೆ ಹಿಡಿದು ನಕ್ಕಳು.

ಮಳೆ ಬಂತು. ಮಳೆಯ ಕೊನೆಗೆ ಮಿಲಿಟರಿ ಬಂತು. ರಜಾಕಾರರು ಎಲ್ಲಿ ಹೋದರೋ, ಬಿಸಿಲಿಗೆ ಇಬ್ಬನಿ ಹೋದ ಹಾಗೆ. ಪೊಲೀಸ್ ಆ್ಯಕ್ಷನ್ ಅಂದರೆ ಏನೆಂದು ನಮಗೆ ತಿಳಿಯುವುದರಲ್ಲಿ ಅದು ಮುಗಿದಿತ್ತು. ಆಮೇಲಿನ ದಿನಗಳ ಮಾತನ್ನು ನಮ್ಮ ಕಡೆ ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ನಾನು ಆಡುತ್ತೇನೆ. ಮೊದಲು ನಮ್ಮವರು ಓಡಿದ್ದರು, ಈಗ ಚಾಚಾನಂಥವರು ಓಡಬೇಕಾಯಿತು. ಲೂಟಿಗೆ ಹೊರಟವರಿಗೆ ಮಂದಿಯ ಮನೆಯ ತಾಮ್ರದ ಪಾತ್ರೆ ಬೇಕಿತ್ತು. ಸಾಬರೆಲ್ಲ ರಜಾಕಾರರೇ ಎನ್ನುವ ನೆಪ ಹಿಡಿದುಕೊಂಡರು.

ಚಾಚಾ ಆಗ ನಮ್ಮೂರಲ್ಲೇ ಸಿಕ್ಕಿಬಿದ್ದಿದ್ದ. ಬೀದರಿನ ಹಾದಿ ಬಂದಾಗಿತ್ತು. “ದೊಡ್ಡಿಗಿ ನಡೀರಿ,” ಅಂದಳು ಅವ್ವ. ದೊಡ್ಡಿಯ ಮೂಲೆಯಲ್ಲಿ ಮೇವಿನ ಹೊಟ್ಟು, ತೊಗರಿಕಟ್ಟಿಗೆ ಒಟ್ಟಿತ್ತು. ಅದರ ಹಿಂದೆ ಆತನನ್ನು ಕೂಡಿಸಿದಳು.

ಬೆದೆಗೆ ಬಂದ ಹೋತದ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳಿ ತಿಳಿಸಲು ಆಗುವುದಿಲ್ಲ. ತನ್ನ ಉಚ್ಚೆಯನ್ನು ತನ್ನ ಗಡ್ಡಕ್ಕೇ ಹೊಯ್ದುಕೊಂಡು ಮೆರೆಯುವ ಪ್ರಾಣಿ ಅದು. ಮೋಟಿಯ ಮಗನಿಗೆ ಆಗ ಅದೇ ಕಾಲ. ನಾವು ಮೇವು ಹಾಕಲು ಹೋಗುವಾಗಲೂ ಮೂಗಿಗೆ ಸೆರಗು ಕಟ್ಟುತ್ತಿದ್ದೆವು. ಆ ವಾಸನೆಯಲ್ಲಿ ಚಾಚಾ ಹಗಲೂ ರಾತ್ರಿ ಕೂತ. ಕೂತವನು ಸುಮ್ಮನಾದರೂ ಕೂತನೇ? ಒಂದು ಬೆಳಿಗ್ಗೆ ಹೊಟ್ಟಿನ ಹಿಂದಿನಿಂದ ದೊಡ್ಡ ದನಿ ಬಂತು.

“ಅಕ್ಕಾ! ನವಾಬನ ಹಿರೀ ಮಗಳ ಕೆಲಸ ಆಯ್ತು!”

ಅವ್ವ ಓಡಿಹೋಗಿ ಹಲ್ಲು ಕಡಿದಳು. “ಮೆಲ್ಲಕ ಒದರ್ರಿ ಸಾಬ್ರ! ಜೀವದ ಮ್ಯಾಗ ಆಸೆ ಇಲ್ಲೇನು ನಿಮಗ?”

“ಅದ ಅಕ್ಕಾ. ಅದಕ್ಕೇ ಹೇಳ್ದೆ. ಇನ್ನಾ ಸಣ್ಣಾಕಿ ಉಳದಾಳ.”

ಮರುದಿನ ಮಧ್ಯಾಹ್ನ ಲೂಟಿಯವರು ಬಂದರು. ನಮ್ಮೂರವರಲ್ಲ. ಕೈಯಲ್ಲಿ ಬಡಿಗೆ, ಕೊಡಲಿ. ಮನೆಯೊಳಗೆಲ್ಲ ಹುಡುಕಿ ದೊಡ್ಡಿಗೆ ಬಂದರು. ಮುಂದಿದ್ದವನು ಬಾಗಿಲು ಸರಿಸಿದ. ವಾಸನೆ ಹೊಡೆದ ರಭಸಕ್ಕೆ ಹಿಂದೆ ಸರಿದು ತನ್ನವನ ಕಾಲೇ ತುಳಿದ.

ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಹೋಗ್ರೆಪ್ಪಾ, ಒಳಗ ಹೋಗಿ ಚಂದಾಗಿ ನೋಡ್ರಿ. ಆಮ್ಯಾಗ ಮನಿಗಿ ಹೋದ್ರ ಹೆಂಡ್ರು ಒಳಗ ಕರದ್ರ ನನಗ ಹೇಳ್ರಿ.”

ಹಿಂದಿದ್ದವರು ನಕ್ಕರು. ಅಷ್ಟರಲ್ಲಿ ನಾನು ನೋಡಬಾರದ್ದನ್ನು ನೋಡಿದೆ. ಹೋತ ಹೊಟ್ಟಿನೊಳಗೆ ಮೂತಿ ತೂರಿಸಿ ಎಳೆಯುತ್ತಿತ್ತು. ಅದಕ್ಕೆ ಬೇಕಾದದ್ದು ಹೊಟ್ಟಲ್ಲ. ಚಾಚಾನ ಬಲಜೇಬು. ಇನ್ನೊಂದು ಸಲ ಎಳೆದಿದ್ದರೆ ಹೊಟ್ಟಿನ ಜೊತೆಗೆ ವಾಸ್ಕೋಟೂ ಹೊರಗೆ ಬರುತ್ತಿತ್ತು. ಮುಂದಿದ್ದವನು ಮೂಗು ಹಿಡಿದುಕೊಂಡೇ ಬಡಿಗೆ ಎತ್ತಿದ, ಹೋತವನ್ನು ಸರಿಸಿ ಹಿಂದೆ ಏನಿದೆ ನೋಡಬೇಕೆಂದು.

“ಏಯ್!” ಅಂದಳು ಅವ್ವ. ಆ ದನಿ ನಾನು ಮತ್ತೆ ಕೇಳಲಿಲ್ಲ. “ಕೊರಳಾಗಿನ ದಾರ ನೋಡು. ದೇವೀ ಹೋತ ಅದು. ಬಡಿ, ಬಡದು ನೋಡು.”

ಅವನು ಅರಿಷಿಣದ ದಾರ ನೋಡಿದ. ಬಡಿಗೆ ಇಳಿಯಿತು. ಆ ಬಡಿಗೆಯ ಕೈಯಿಂದಲೇ ಗಲ್ಲ ಗಲ್ಲ ಬಡಿದುಕೊಂಡ. ದೇವಿಯ ಹೋತವನ್ನು ಬಡಿಯದೆ ಸರಿಸಲು ಆ ವಾಸನೆಯೊಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಹೋದರು. ಹೋಗುವಾಗ ನಮ್ಮ ತಾಮ್ರದ ಕೊಡ ಒಂದನ್ನು ಒಯ್ದರು. ಅವ್ವ ಸಾಯುವ ತನಕ ಆ ಕೊಡವನ್ನು ನೆನೆಸಿ ಬೈದಳು.

ಚಾಚಾ ಹೊರಗೆ ಬಂದಾಗ ಗಡ್ಡದ ತುಂಬ ಹೊಟ್ಟಿತ್ತು. ಬಲಜೇಬು ಹರಿದುಹೋಗಿತ್ತು. ಆತ ಬೈದದ್ದು ಯಾರನ್ನೂ ಅಲ್ಲ, ಹೋತವನ್ನು. “ನಾ ಅವನ ಜೀವ ಉಳಸ್ಬೇಕಂತ ಗುದ್ದಾಡ್ಲತ್ತೀನಿ, ಅವ ನೋಡಿದ್ರ ಚಿಮಟಿ ಉಪ್ಪಿಗಿ ನನ್ನ ಮಾರ್ತಿದ್ದ.” ಬೈದ ಮೇಲೆ ಅದರ ಕುತ್ತಿಗೆ ಅಪ್ಪಿಕೊಂಡು ಬಹಳ ಹೊತ್ತು ನಿಂತ. ಆ ವಾಸನೆಯಲ್ಲಿ ಅಷ್ಟು ಹೊತ್ತು ಮೂಗು ಇಟ್ಟವನ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅಪ್ಪ ಬಂದ. ಕರ್ರಗಾಗಿ, ಗಡ್ಡ ಬಿಟ್ಟುಕೊಂಡು, ಎರಡೂ ಕಾಲಲ್ಲಿ ನಡೆದುಕೊಂಡು. ಅವ್ವ, “ಬಂದ್ರಿ? ಕಾಲು ತೊಳಕೋರಿ,” ಅಂದಳು, ಅಷ್ಟೇ. ಆಮೇಲೆ ಅಡಿಗೆಮನೆಯಲ್ಲಿ ಬಹಳ ಹೊತ್ತು ಪಾತ್ರೆ ಸಪ್ಪಳ ಕೇಳಿಸಿತು, ತೊಳೆಯುವ ಪಾತ್ರೆ ಒಂದೂ ಇರಲಿಲ್ಲ.

ಅಂದರೆ ಹರಕೆ ತೀರಿಸುವ ದಿನ ಬಂತು. ನವಾಬನ ಸಣ್ಣ ಮಗಳು ಇನ್ನೂ ಬೆದೆಗೆ ಬಂದಿರಲಿಲ್ಲ, ಉಳಿದ ಆಡುಗಳ ಮಾತೂ ಅಷ್ಟೇ. ಚಾಚಾ ಇನ್ನೂ ನಮ್ಮಲ್ಲೇ ಇದ್ದ. “ದೇವರ ಮಾತಿನಾಗ ನಾ ಬಾಯಿ ಹಾಕಂಗಿಲ್ಲಕ್ಕಾ. ಭಾವ ಬರ್ಲಿ ಅಂದಿದ್ದು ಅಲ್ಲಾಗ ಕೇಳ್ಸತು, ತಡಾ ಮಾಡಿ ಅಂದಿದ್ದು ಕೇಳ್ಸಲಿಲ್ಲ.” ಜೇಬು ಹರಿದಿತ್ತಲ್ಲ, ಒಳಗಿಂದ ಒಂದು ಹಿಡಿ ಉಪ್ಪು ಈಸಿಕೊಂಡು ದೊಡ್ಡಿಗೆ ಹೋದ. ಅಷ್ಟೂ ಉಪ್ಪನ್ನು ಅದೊಂದಕ್ಕೇ ನೆಕ್ಕಿಸಿದ.

ಹೊಲದ ದಂಡೆಯ ದೇವಿಯ ಕಟ್ಟೆಗೆ ನಾವು ಹೋದೆವು. ಅಪ್ಪ, ಅವ್ವ, ನಾನು, ಹಲಗೆ ಬಡಿಯುವವರು, ಹಿಂದೆ ಅರ್ಧ ಊರು. ಪೂಜಾರಿ ಕುಂಕುಮ ಇಟ್ಟ, ತಲೆಗೆ ನೀರು ಹಾಕಿದ. ಹೋತ ಮೈ ಝಾಡಿಸಿತು, ದೇವಿ ಒಪ್ಪಿದಳು ಅಂತ ಎಲ್ಲರೂ ಕೈ ಮುಗಿದರು. ಪೂಜಾರಿ ಕೊಡಲಿಗೆ ಕೈ ಹಾಕಿದ.

“ಕಡೀಬ್ಯಾಡ್ರಿ,” ಅಂದಳು ಅವ್ವ. “ನಾ ಇದನ್ನ ಬಿಡ್ತೀನಿ.”

“ಬಿಡ್ತೀನಿ ಅಂದ್ರ?”

“ಗೂಳಿ ಬಿಡಂಗಿಲ್ಲೇನು ದೇವರ ಹೆಸರಿಲೆ? ಹಂಗ.”

“ಗೂಳಿ ಬಿಡ್ತಾರ, ಕ್ವಾಣ ಬಿಡ್ತಾರ. ಹೋತ ಯಾರ ಬಿಟ್ಟಾರವಾ?” ಪೂಜಾರಿಯ ಪಾಲಿನ ಹಿಂದಿನ ತೊಡೆ ತಪ್ಪುತ್ತಿತ್ತು, ಅದರ ಸಂಕಟ.

“ನಾ ಬಿಟ್ಟೀನಿ. ದೇವಿ ಏನು ಒಂದ್ ಹೊತ್ತಿನ ಸಾರಿಗಿ ಕುಂತಾಳೇನು? ಆಕಿಗೂ ಮನಿತನ ಅದ. ವರ್ಷಾ ಚಲೋದು ಚಲೋದು ಆಕಿಗೇ ತಿನ್ನಿಸಿ, ಆಕಿ ದೊಡ್ಡ್ಯಾಗ ಮೂಗು ಸೋರೋದೇ ಉಳಸೀವಿ. ಈ ಸಲ ಚಲೋದು ಆಕಿ ಹೆಸರಿಲೆ ಜೀವಂತ ಇರ್ಲಿ. ಆಕಿಗಿ ಸಿಟ್ಟು ಬಂದ್ರ ನನ್ನ ಕೇಳ್ಲಿ, ನಿಮ್ಮನ್ನಲ್ಲ.”

ಅಪ್ಪ ನಡುವೆ ಬಾಯಿ ಹಾಕಿದ. “ನಾ ಬಂದೀನಂತ ಹರಕಿ. ಮತ್ತ ನನಗೇ ಸಾರಿಲ್ಲ.” ಊರೆಲ್ಲ ನಕ್ಕಿತು. ನಕ್ಕ ಮೇಲೆ ಕಡಿಯುವುದು ಆಗುವುದಿಲ್ಲ. ಪೂಜಾರಿ ತೆಂಗಿನಕಾಯಿಗೆ ಸಮಾಧಾನ ಮಾಡಿಕೊಂಡ. ಹೋತದ ಕಿವಿಗೆ ಗುರುತು ಹಾಕಿ, ಕೊರಳಿಗೆ ಗಂಟೆ ಕಟ್ಟಿ ಬಿಟ್ಟೆವು.

ಮನೆಗೆ ಬಂದಾಗ ನನ್ನ ಕೈಯಲ್ಲಿ ಬರೀ ಹಗ್ಗವಿತ್ತು. ಅದನ್ನು ನೋಡಿದ ಚಾಚಾ ಗೋಡೆಯ ಕಡೆ ಮುಖ ಮಾಡಿ ಕೂತ. ಅವ್ವ ಚಪ್ಪಲಿ ಬಿಡುತ್ತ ಅಂದಳು: “ಗ್ವಾಡಿ ಕಡಿ ಯಾಕ ಕುಂತೀರಿ ಸಾಬ್ರ? ನಿಮ್ಮ ಬೇಟಾ ಕುಲಕರ್ಣೇರ ಹೊಲದಾಗ ಜೋಳ ಮೇಯ್ಲತ್ತಾನ. ಅವನ್ನ ಬಡಿಯೋ ಹಕ್ಕು ಈಗ ಯಾರಿಗೂ ಇಲ್ಲ.”

ಚಾಚಾ ತಿರುಗಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕ ನೋಡಿ, ಕೆಮ್ಮು ಬಂದು ಅಪ್ಪ ಬೆನ್ನು ತಟ್ಟುವ ತನಕ ನಕ್ಕ. “ಅಕ್ಕಾ, ನನ್ನ ಸಲುವಾಗಿ—”

“ನಿಮ್ಮ ಸಲುವಾಗಿ ಯಾಕ? ನನಗ ಹಾಲು ಬೇಕು.”

ಅಷ್ಟೇ ಮಾತು. ಹಾದಿ ತೆರವಾದ ಮೇಲೆ ಅಪ್ಪ ತಾನೇ ಬಂಡಿ ಹೂಡಿ, ಆತನನ್ನು ಬೀದರಿನ ಮನೆಯ ತನಕ ಬಿಟ್ಟು ಬಂದ.

ದೇವಿಯ ಹೋತ ಮುಂದೆ ಊರಿಗೆ ಊರನ್ನೇ ಆಳಿತು. ಕಂಡವರ ಕಡಲೆ ತಿಂದಿತು, ಕಂಡವರ ಕಟ್ಟೆಯ ಮೇಲೆ ಮಲಗಿತು. ಜನ ಕೈ ಮುಗಿದು ಅವ್ವನನ್ನು ಬೈದರು. ಆದರೆ ಕಂಡವರ ಆಡುಗಳನ್ನೂ ಅದೇ ನೋಡಿಕೊಂಡಿತು. ಮೂಗು ಸೋರುವ ಅಳಿಯಂದಿರ ಕಾಲ ಮುಗಿಯಿತು. ಚಾಚಾ ಬಂದಾಗಲೆಲ್ಲ ಮೊದಲು ಅದನ್ನು ಹುಡುಕಿ ಉಪ್ಪು ಕೊಡುತ್ತಿದ್ದ. ಸಾಬ ಬಂದು ದೇವಿಯ ಹೋತಕ್ಕೆ ನೈವೇದ್ಯ ಮಾಡುತ್ತಾನೆ ಎಂದು ಊರವರು ಚೇಷ್ಟೆ ಮಾಡಿದರೆ, “ನಿಮ್ಮ ದೇವಿ ನನಕಿಂತ ದೊಡ್ಡ ವ್ಯಾಪಾರಿ. ಇಡೀ ತಾಲೂಕಿನ ಚಲೋ ಮಾಲು ಆಕಿದೇ,” ಅನ್ನುತ್ತಿದ್ದ.

ಅದರ ಹೆಣ್ಣುಮಕ್ಕಳು ಈದಾಗ ಇಬ್ಬರೂ ಕೂಡಿಯೇ ನೋಡಿದರು. ಚಾಚಾ ಬೆನ್ನು ಒತ್ತಿದ, ಅವ್ವ ಹಾಲು ಹಿಂಡಿದಳು. ನವಾಬನಷ್ಟು ಎತ್ತರವಿಲ್ಲ. ಮೋಟಿಯಷ್ಟು ಹಾಲಿಲ್ಲ. ಆದರೆ ಹೆಚ್ಚಿನವು ಎರಡೆರಡು ಈದಿದ್ದವು, ಎರಡೂ ಮರಿ ಹೊಟ್ಟೆ ತುಂಬಿ ಮಲಗಿದ್ದವು. ಇಬ್ಬರಿಗೂ ಸ್ವಲ್ಪ ಸ್ವಲ್ಪ ನಿರಾಸೆಯಾಯಿತು, ಇಬ್ಬರೂ ಅದನ್ನು ನುಂಗಿದರು. “ಎರಡೂ ಬೇಕಂದ್ರ ಎರಡರಾಗೂ ಜರಾ ಜರಾ ಬಿಡಬೇಕು,” ಅಂದ ಚಾಚಾ. “ನಾ ಮೊದಲೇ ಹೇಳಿದ್ದೆ,” ಅಂದಳು ಅವ್ವ. ಹೇಳಿರಲಿಲ್ಲ.

ನನ್ನ ಲಗ್ನದಲ್ಲೂ ಆತ ಬಾಯಿ ಹಾಕಿದ. ಖಟಕ ಚಿಂಚೋಳಿಯ ಕಡೆಯ ಮನೆತನ. ಅಪ್ಪ ಹುಡುಗನನ್ನು ನೋಡಿ ಬಂದು, ಮಾತು ಕಡಿಮೆ, ಮೈಯೂ ಕಡಿಮೆ ಎಂದು ಹಿಂದೆಮುಂದೆ ನೋಡುತ್ತಿದ್ದ. ಚಾಚಾ ಆ ಹಳ್ಳಿಯಲ್ಲೂ ಮರಿ ಕೊಳ್ಳುತ್ತಿದ್ದ. “ಹುಡುಗಗೇನ್ ನೋಡ್ತೀರಿ ಭಾವ, ಅವನ ಅವ್ವಗ ನೋಡ್ರಿ. ಆ ಮನಿ ಆಡು ದಪ್ಪ, ನಾಯಿ ದಪ್ಪ, ಬೆಕ್ಕೂ ದಪ್ಪ. ಅಂದ್ರ ಆ ಹೆಣ್ಮಗಳು ಕೈ ಬಿಟ್ಟು ಹಾಕ್ತಾಳ. ಹುಡುಗಿ ಉಪವಾಸ ಬೀಳಂಗಿಲ್ಲ.” ನನಗೆ ಬಹಳ ಸಿಟ್ಟು ಬಂದಿತ್ತು, ಹೋತಕ್ಕೂ ಗಂಡನಿಗೂ ಒಂದೇ ಮಾತೇ ಎಂದು. ಆದರೆ ಅತ್ತೆ ಇರುವ ತನಕ ನಾನು ಉಪವಾಸ ಬೀಳಲಿಲ್ಲ, ಅದನ್ನು ಹೇಳಲೇಬೇಕು. ತವರಿನಿಂದ ನನ್ನ ಜೊತೆ ಬಂದದ್ದು ಆ ಹೋತದ ಮಗಳು. ಅದರ ಸಂತಾನ ನನ್ನ ದೊಡ್ಡಿಯಲ್ಲಿ ಇವತ್ತಿಗೂ ಇದೆ. ಚಾಚಾ ಮುದುಕನಾಗಿ ಕಾಲು ಸೋಲುವ ತನಕ ಬರುತ್ತಿದ್ದ. ಪ್ರತಿ ಸಲ ದೊಡ್ಡ ಮರಿ ಕೇಳುತ್ತಿದ್ದ, ಪ್ರತಿ ಸಲ ನಾನು ಕೊಡುತ್ತಿರಲಿಲ್ಲ, ಪ್ರತಿ ಸಲ ಇಬ್ಬರೂ ಜಗಳಾಡಿ ಚಹ ಕುಡಿಯುತ್ತಿದ್ದೆವು.

ಈಗ ಆ ದಿನ ಬಂದ ಮಗನ ಮಾತು. ತಂದೆ ಹೋದದ್ದನ್ನು ಹೇಳಿ, ನಾನು ಹಾಲು ಹಿಂಡಿ ಏಳುವ ತನಕ ಕಾದು ನಿಂತಿದ್ದ. ಮೈಮೇಲೆ ಅಪ್ಪನ ವಾಸ್ಕೋಟು, ಬಲಜೇಬಿಗೆ ಬೇರೆ ಬಣ್ಣದ ತೇಪೆ. ನಾನು ಎದ್ದ ಮೇಲೆ ಸೀದಾ ದೊಡ್ಡಿಯೊಳಗೆ ಹೋದ. ಎಲ್ಲಕ್ಕಿಂತ ದೊಡ್ಡ ಗಂಡುಮರಿಯ ಬೆನ್ನು ಒತ್ತಿದ, ಅಪ್ಪನ ಬೆರಳಿನ ಹಾಗೆಯೇ.

“ಅಕ್ಕಾ, ಇದು ಕೊಡ್ರಿ.”

“ಅದು ಬಿಟ್ಟು ಮಾತಾಡು.”

“ಇಷ್ಟು ದೂರದಿಂದ ಸಾವಿನ ಸುದ್ದಿ ಹೊತ್ತು ಬಂದೀನಿ. ಅಪ್ಪನ ಮಾರಿ ನೋಡಿಯಾದ್ರೂ ಕೊಡ್ರಿ.”

“ನಿಮ್ಮಪ್ಪ ಸತ್ರ ಹೋತ ಯಾಕ ಸಾಯಬೇಕೋ?”

ಅವನು ನಗಲು ಹತ್ತಿದ. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡ. “ಅಪ್ಪ ಹೋಗೋ ಮುಂದ ಹೇಳಿದ್ದ. ಹೋಗಿ ದೊಡ್ಡ ಮರಿ ಕೇಳು, ಬೈದ್ರ ಚಹ ಕುಡದು ಬಾ ಅಂದ. ಕೊಟ್ಟಳಂದ್ರ ತಗೋಬ್ಯಾಡ, ಆಕಿಗಿ ಜ್ವರ ಬಂದಿರ್ತದ, ಡಾಕ್ಟರಗ ತೋರಸು ಅಂದ.”

ಬಲಜೇಬಿಗೆ ಕೈ ಹಾಕಿ ಉಪ್ಪು ತೆಗೆದ. ಆಡುಗಳೆಲ್ಲ ಮುಗಿಬಿದ್ದವು. ನಾನು ಚಹಕ್ಕಿಟ್ಟೆ, ಈಗಷ್ಟೇ ಹಿಂಡಿದ ಹಾಲಿತ್ತು.

ಖಾಲಿ ಕೈಯಲ್ಲಿ ಕಳಿಸಬಾರದಲ್ಲ. ದೊಡ್ಡಿಯಲ್ಲಿ ಮೂಗು ಸೋರುವುದೊಂದಿತ್ತು. ಅದನ್ನು ಹಿಡಿದು ಕೊಟ್ಟೆ. ಬೀದರಿನಲ್ಲಿ ಅದನ್ನು ಯಾರೂ ಕೇಳಿರಲಿಕ್ಕಿಲ್ಲ.